ತಂಗಿಯ ಈಸ್ಟು ನೋಡಲು ಹೋದದ್ದು

ಹೊರಡುವ ಮೊದಲು

ನೆದರ್‌ಲ್ಯಾಂಡ್ಸಿಗೆ ಹೋಗಿ ಬಂದೆ ಎಂದರೆ ಬೆಳಗಾವಿಯ ರಾಮತೀರ್ಥ ನಗರದ ನಮ್ಮ ಓಣಿಯ ಹೆಂಗಸರು ಮೊದಲು ಕೇಳುವುದು ಹೂವಿನ ತೋಟದ ಸುದ್ದಿ. ಸಿನಿಮಾದಲ್ಲಿ ನೋಡಿದ್ದಾರಲ್ಲ, ಕಣ್ಣು ಹಾಯುವಷ್ಟು ದೂರ ಸಾಲು ಸಾಲು ಬಣ್ಣ. ನಾನು ಅದನ್ನು ನೋಡಲಿಲ್ಲ. ಗಾಳಿಗಿರಣಿ ಒಂದನ್ನು ರೈಲಿನ ಕಿಟಕಿಯಿಂದ ಕಂಡೆ, ಅದೂ ಮಳೆಯಲ್ಲಿ. ನಾನು ಹೋದದ್ದು ನನ್ನ ತಂಗಿ ಶೈಲಾ ಅರ್ಧಕ್ಕೆ ಬಿಟ್ಟು ಹೋದ ಒಂದು ಕೆಲಸದ ಕೊನೆ ನೋಡಲು.

ಶೈಲಾ ನನಗಿಂತ ಬಹಳ ಚಿಕ್ಕವಳು. ಖಾನಾಪುರದ ನಮ್ಮ ಮನೆಯಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ಕೃಷಿ ಓದಿದಳು, ಗಿಡಗಳಿಗೆ ಬರುವ ವೈರಸ್ ರೋಗಗಳ ಅಭ್ಯಾಸಕ್ಕೆ ಬಿದ್ದಳು, ಅದರ ಬೆನ್ನು ಹತ್ತಿ ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಊರಿನ ಪ್ರಯೋಗಾಲಯ ಸೇರಿದಳು. ಹೋದ ಚಳಿಗಾಲ ಅಲ್ಲಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತಲೆಯೊಳಗಿನ ನರ ಒಡೆಯಿತು. ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ನಲವತ್ತು ಇನ್ನೂ ತುಂಬಿರಲಿಲ್ಲ. ನಮಗೆ ವೀಸಾ ಸಿಗುವಷ್ಟರಲ್ಲಿ ಮಣ್ಣು ಮಾಡುವ ದಿನ ದಾಟಿಹೋಗುತ್ತಿತ್ತು. ಎಲ್ಲವನ್ನೂ ಖಾನಾಪುರದಲ್ಲಿ ಕುಳಿತು ತಮ್ಮ ಬಸೂನ ಮೊಬೈಲಿನಲ್ಲಿ ನೋಡಿದೆವು.

ಕೆಲವು ತಿಂಗಳ ಮೇಲೆ ಮಾರಿಕೆ ಎಂಬಾಕೆ ನನಗೆ ಫೋನು ಮಾಡಿದಳು. ಮಾರಿಕೆ ಅದೇ ಪ್ರಯೋಗಾಲಯದ ತಂತ್ರಜ್ಞೆ. ಶೈಲಾ ಬಾಡಿಗೆಗಿದ್ದದ್ದೂ ಆಕೆಯ ಮನೆಯ ಮಾಳಿಗೆಯ ಕೋಣೆಯಲ್ಲಿ. ಅವರ ಪ್ರೊಫೆಸರು ನಿವೃತ್ತರಾಗುತ್ತಿದ್ದಾರಂತೆ, ಅವರ ಫ್ರೀಜರು ಖಾಲಿ ಮಾಡಬೇಕಂತೆ. ಅದರಲ್ಲಿ ಶೈಲಾ ತಯಾರಿಸಿಟ್ಟ ಈಸ್ಟು ಇದೆ. “ಅವಳು ಮಾಡಬೇಕೆಂದುಕೊಂಡಿದ್ದ ಕೊನೆಯ ಪರೀಕ್ಷೆಯನ್ನು ಅದಕ್ಕೂ ಮೊದಲು ನಾನು ಮಾಡುತ್ತೇನೆ. ನೀವು ಬಂದು ನೋಡುತ್ತೀರಾ?” ಎಂದು ಕೇಳಿದಳು.

ನಾನು ಬೆಳಗಾವಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಪಾಸ್‌ಪೋರ್ಟು ಇತ್ತು, ಧೈರ್ಯ ಇರಲಿಲ್ಲ. ಹೋಗು ಎಂದವಳು ಅವ್ವ.

“ಅಕಿ ಮೊದಲ ಆತು ಅಂದ್ಲು. ಆಮ್ಯಾಲೆ ಇನ್ನೂ ಒಂದು ಪರೀಕ್ಷೆ ಐತಿ ಅಂದ್ಲು. ಅಷ್ಟು ವರ್ಷ ಕುಂತು ಮಾಡಿದ್ದು ಖರೇ ಆತೋ ಇಲ್ಲೋ, ಅಷ್ಟು ತಿಳ್ಕೊಂಡು ಬಾ. ಬ್ಯಾರೆ ಏನೂ ತರಬ್ಯಾಡ.”

ಏನದು ಕೆಲಸ ಎಂದು ಓದುವವರು ಕೇಳಬಹುದು. ನನಗೂ ಅವ್ವನಿಗೂ ಅದನ್ನು ಶೈಲಾ ಒಂದು ರಜೆಯಲ್ಲಿ ಪಡಸಾಲೆಯಲ್ಲಿ ಕುಳಿತು ಹೇಳಿದ್ದಳು. ನಮ್ಮದು ಗೆಣಸಿನ ಹೊಲ. ಖಾನಾಪುರದ ಕಡೆ ಗೆಣಸಿಗೆ ಬೀಜ ಬಿತ್ತುವುದಿಲ್ಲ, ಬಳ್ಳಿಯ ತುಂಡು ನೆಡುತ್ತಾರೆ. ಚಲೋ ಬಂದ ಹೊಲದ ಬಳ್ಳಿಯನ್ನು ಬೀಗರಿಗೆ, ಬಾಜೂದವರಿಗೆ ಕೇಳಿದಷ್ಟು ಕೊಡುವುದು ರೂಢಿ, ಇಲ್ಲ ಎನ್ನಬಾರದು. ಹಾಗೆ ಕೈಯಿಂದ ಕೈಗೆ ಹೋದ ಬಳ್ಳಿಯ ಜೊತೆಗೇ ಎಲೆ ಮುದುಡುವ ರೋಗವೂ ಹೋಯಿತು. ಶೈಲಾ ಹುಡುಗಿಯಾಗಿದ್ದಾಗಲೇ ಆ ಮುದುಡಿದ ಎಲೆಗಳನ್ನು ಪುಸ್ತಕದ ನಡುವೆ ಒತ್ತಿಡುತ್ತಿದ್ದಳು.

“ಎಲಿಯೊಳಗ ವೈರಸ್ ಹೊಕ್ಕಿತು ಅಂದ್ರ, ಅದರ ಸುತ್ತಲಿನ ಜೀವಕೋಶ ತಾವಾ ಸಾಯ್ತಾವು ಅವ್ವಾ,” ಎಂದಳು ಅಂದು.

“ಯಾಕ ಸಾಯ್ತಾವು? ಹುಚ್ಚೇನು ಅವಕ್ಕ?”

“ಹುಚ್ಚಲ್ಲ. ತಾವು ಸತ್ರ ವೈರಸ್ಸಿಗೆ ಮುಂದ ಹೋಗಾಕ ದಾರಿ ಇರೂದಿಲ್ಲ. ಉಳಿದ ಎಲಿ ಬದುಕ್ತದ.”

“ಹಂಗಾದ್ರ ನಮ್ಮ ಬಳ್ಳಿ ಯಾಕ ಪೂರಾ ಹಾಳಾತು?”

“ಅದನ್ನ ಹುಡುಕಾಕತ್ತೀನಿ. ಆ ವೈರಸ್ಸಿನ ಹಂತ್ಯಾಕ ಒಂದು ಸಣ್ಣ ಪ್ರೋಟೀನ್ ಐತಿ. ಅದು ಜೀವಕೋಶಕ್ಕ ‘ಸಾಯಬ್ಯಾಡ, ಸುಮ್ನ ಕುಂದರು’ ಅಂತ ಹೇಳ್ತದೇನೋ ಅಂತ ನನ್ನ ಅನುಮಾನ. ಈಸ್ಟಿನೊಳಗ ಅದನ್ನ ಇಟ್ಟು ನೋಡಾಕತ್ತೀನಿ.”

“ಈಸ್ಟ್ ಅಂದ್ರ?”

“ಪಾವ್ ಉಬ್ಬಸ್ತಾರಲ್ಲ, ಅದು.”

“ಗೆಣಸಿನ ರೋಗಕ್ಕೂ ಪಾವಿಗೂ ಏನು ಸಂಬಂಧನವಾ? ನಮಗ ತಿಳಿಯೂದಿಲ್ಲಂತ ಏನೇನರೆ ಹೇಳಬ್ಯಾಡ.”

ಶೈಲಾ ನಕ್ಕಳು. ಎಲೆ ಎಂದರೆ ಮದುವೆ ಮನೆ ಇದ್ದಂತೆ, ಯಾರು ಯಾರಿಗೆ ಏನು ಹೇಳಿದರು ಎಂದು ಹಿಡಿಯಲಾಗುವುದಿಲ್ಲ. ಈಸ್ಟು ಒಬ್ಬರೇ ಇರುವ ಮನೆ, ಕೇಳಿದ್ದಕ್ಕೆ ನೇರ ಉತ್ತರ ಬರುತ್ತದೆ ಎಂದಳು. ಈಸ್ಟನ್ನು ಸಾಯಿಸುವ ಇನ್ನೊಂದು ಪ್ರೋಟೀನು ಇದೆಯಂತೆ. ಅದನ್ನೂ ವೈರಸ್ಸಿನ ಪ್ರೋಟೀನನ್ನೂ ಒಂದೇ ಈಸ್ಟಿನಲ್ಲಿ ಇಡಬೇಕು. ಈಸ್ಟು ಸತ್ತರೆ ವೈರಸ್ಸಿನದು ಕಾಪಾಡುವುದಿಲ್ಲ ಎಂದರ್ಥ. ಬದುಕಿದರೆ ಶೈಲಾಳ ಅನುಮಾನ ಖರೆ.

ಆಮೇಲೊಂದು ದಿನ ಅಲ್ಲಿಂದ ಫೋನು ಬಂತು. “ಅಕ್ಕಾ, ಬದುಕ್ಯಾವು,” ಎಂದಳು. ಇನ್ನೂ ಒಂದು ಪರೀಕ್ಷೆ ಇದೆ ಎಂದದ್ದು ಬಿಟ್ಟರೆ ಅದರಾಚೆ ಏನಾಯಿತು ಎಂಬುದು ನಮಗೆ ಗೊತ್ತಿರಲಿಲ್ಲ.

ವಿಮಾನ ನಿಲ್ದಾಣ

ಬೆಳಗಾವಿಯಿಂದ ಯಾರ ಮನೆಗೆ ಹೋದರೂ ಕುಂದಾ ಒಯ್ಯಬೇಕು. ಅದನ್ನು ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಎರಡು ಡಬ್ಬಿ ಕುಂದಾ, ಅದರ ಪಕ್ಕದಲ್ಲಿ ಅವ್ವ ಕೊಟ್ಟ ಸ್ಟೀಲಿನ ಸಣ್ಣ ಕರಡಿಗೆ. ಅದರಲ್ಲಿ ನಮ್ಮ ಹೊಲದ ಮಣ್ಣು. ಮಣ್ಣು ಕೊಡುವಾಗ ನಮ್ಮವರ ಒಂದು ಹಿಡಿಯೂ ಶೈಲಾಳ ಮೇಲೆ ಬಿದ್ದಿರಲಿಲ್ಲ. ಅದನ್ನಾದರೂ ಹಾಕಿ ಬರಲಿ ಎಂದು ಅವ್ವ ಬಿಳಿ ಬಟ್ಟೆಯಲ್ಲಿ ಗಂಟು ಹಾಕಿದ್ದಳು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಎತ್ತರದ ಒಬ್ಬ ಅಧಿಕಾರಿ ನನ್ನ ಚೀಲವನ್ನು ಬದಿಗೆ ಎಳೆದುಕೊಂಡ. ಕುಂದಾ ತೋರಿಸಿ, “ಇದರಲ್ಲಿ ಹಾಲು ಇದೆಯೇ?” ಎಂದು ಕೇಳಿದ.

ಬೆಳಗಾವಿಯ ಸ್ವಾಭಿಮಾನ ನನ್ನ ಬಾಯಿಗೆ ಬಂತು. “ಹಾಲೇ ಇದೆ ಸರ್. ಶುದ್ಧ ಹಾಲು. ಬೇರೆ ಹಿಟ್ಟು ಗಿಟ್ಟು ಏನೂ ಬೆರೆಸಿಲ್ಲ,” ಎಂದೆ.

ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲವಂತೆ. ನಾನೇ ಸಾಕ್ಷಿ ಹೇಳಿದಂತಾಯಿತು. ಎರಡೂ ಡಬ್ಬಿಗಳು ನೀಲಿ ಬುಟ್ಟಿಗೆ ಬಿದ್ದವು.

ಆಮೇಲೆ ಕರಡಿಗೆ. ಮಣ್ಣು ಎಂದೆ. ಯಾಕೆ ಎಂದ. ತಂಗಿಯ ಗೋರಿಗೆ ಎಂದೆ. ಅವನು ಸ್ವಲ್ಪ ಹೊತ್ತು ಕರಡಿಗೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ನಿಂತ. ಒಬ್ಬ ಹೆಂಗಸನ್ನು ಕರೆದು ಅವರ ಭಾಷೆಯಲ್ಲಿ ಮಾತಾಡಿದ. ಆಕೆ ಬಂದು ನನ್ನ ತೋಳು ಮುಟ್ಟಿ, ಬಹಳ ಬೇಸರವಾಗುತ್ತದೆ, ಆದರೆ ಹೊರಗಿನ ಮಣ್ಣು ಬಿಡಲು ಬರುವುದಿಲ್ಲ ಎಂದಳು. ಕುಂದಾಕ್ಕೆ ಅಷ್ಟು ಮಾತಾಡಿದ ನಾನು ಮಣ್ಣಿಗೆ ವಾದಿಸಲಿಲ್ಲ. ಬಳ್ಳಿ ಕೇಳಲು ಬಂದವರ ಮುಂದೆ ಶೈಲಾ ಇದನ್ನೇ ಹೇಳಿ ಎಷ್ಟು ಬೈಗುಳ ತಿಂದಿದ್ದಳು: “ಬಳ್ಳಿ ಅಂದ್ರ ಬರೇ ಬಳ್ಳಿ ಅಲ್ರಿ ಕಾಕಾ. ಅದರ ಬೆನ್ನ ಮ್ಯಾಲೆ ಯಾರ್ಯಾರು ಕುಂತು ಬರ್ತಾರೋ ಏನೋ.” ಆ ಅಧಿಕಾರಿಯ ಜಾಗದಲ್ಲಿ ಶೈಲಾ ನಿಂತಿದ್ದರೂ ಅದನ್ನು ಬುಟ್ಟಿಗೆ ಹಾಕುತ್ತಿದ್ದಳು. ಕರಡಿಗೆಯನ್ನು ತೊಳೆದು ಒರೆಸಿ ನನಗೆ ವಾಪಸು ಕೊಟ್ಟರು.

ಮಾರಿಕೆಯ ಮನೆ

ರೈಲು ನಿಲ್ದಾಣದಲ್ಲಿ ಮಳೆಕೋಟು ಹಾಕಿಕೊಂಡ ಒಬ್ಬ ಹೆಂಗಸು ನನ್ನ ಮುಂದೆ ಬಂದು, “ಬರ್ರಿ ಅಕ್ಕಾರ,” ಎಂದಳು.

ಐವತ್ತು ದಾಟಿದ, ಕೂದಲು ಕತ್ತರಿಸಿದ, ಗಾಳಿಗೆ ಕೆಂಪಾದ ಮುಖ. ಶೈಲಾ ಕಲಿಸಿದ ಕನ್ನಡ. ಆಕೆಗೆ ಬರುತ್ತಿದ್ದದ್ದು ಅಷ್ಟೇ: ಬರ್ರಿ, ಕುಂದರ್ರಿ, ಚಾ ಕುಡೀರಿ, ಸಾಕು. ಉಳಿದದ್ದೆಲ್ಲ ಇಂಗ್ಲಿಷು. ನನ್ನ ಇಂಗ್ಲಿಷು ಕಚೇರಿಯ ಇಂಗ್ಲಿಷು. ಅದರಲ್ಲಿ ‘ತಮ್ಮ ಅವಗಾಹನೆಗೆ ತರಬಯಸುತ್ತೇನೆ’ ಎಂದು ಹೇಳಬಹುದು, ‘ಹೊಟ್ಟೆ ಉರಿಯುತ್ತದೆ’ ಎಂದು ಹೇಳಲು ಬರುವುದಿಲ್ಲ.

ಆ ಊರಿನ ಮನೆಗಳ ಕಿಟಕಿಗೆ ಪರದೆ ಇಲ್ಲ. ದಾರಿಯಲ್ಲಿ ಹೋಗುವಾಗ ಒಳಗೆ ಕುಳಿತವರು, ಅವರ ಊಟ, ಅವರ ಟಿವಿ ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಮ್ಮ ರಾಮತೀರ್ಥ ನಗರದಲ್ಲಿ ಪರದೆ ಎಳೆದ ಕಿಟಕಿಯನ್ನೂ ಜನ ನೋಡಿಕೊಂಡೇ ಹೋಗುತ್ತಾರೆ. ಕಾಫಿಯ ಜೊತೆ ಒಂದು ಬಿಸ್ಕೀಟು ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ. ಇನ್ನೊಂದು ತಗೊಳ್ಳಿ ಎಂಬ ಜುಲುಮೆ ಇಲ್ಲ. ಮಧ್ಯಾಹ್ನಕ್ಕೆ ಬ್ರೆಡ್ಡು, ಅದೂ ತಣ್ಣಗೆ. ಶೈಲಾ ಇಲ್ಲಿ ಅಷ್ಟು ವರ್ಷ ಮಧ್ಯಾಹ್ನದ ಊಟ ಹೀಗೇ ಮಾಡಿದಳಲ್ಲ ಎಂದುಕೊಂಡು ಮೊದಲ ತುತ್ತಿಗೇ ಉಳಿದದ್ದನ್ನು ಕೆಳಗಿಟ್ಟೆ. ಮಾರಿಕೆ ಬ್ರೆಡ್ಡು ಒಣಗಿದೆಯೆಂದು ತಿಳಿದು ನೀರು ತಂದಿಟ್ಟಳು.

ಅಂದೇ ಒಂದು ಎಡವಟ್ಟಾಯಿತು. ಕೈ ತೊಳೆಯಲು ಪಾಯಖಾನೆಗೆ ಹೋದೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಒಂದೊಂದು ತಾರೀಖಿನ ಮುಂದೆ ಒಬ್ಬೊಬ್ಬರ ಹೆಸರು. ಅದರಲ್ಲಿ ಶೈಲಾಳ ಅಕ್ಷರದಲ್ಲೇ ‘ಶೈಲಾ’ ಎಂದು ಕನ್ನಡದಲ್ಲಿ ಬರೆದಿತ್ತು. ಸತ್ತ ನನ್ನ ತಂಗಿಯ ಹೆಸರು ಪಾಯಖಾನೆಯ ಗೋಡೆಗೆ. ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಸೆರಗಿನಿಂದ ಒರೆಸಿ, ಅಡುಗೆಮನೆಗೆ ತಂದು ಗಡಿಯಾರದ ಕೆಳಗೆ ತೂಗು ಹಾಕಿದೆ.

ಮಾರಿಕೆ ಬಂದು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು. ಅವರಲ್ಲಿ ಎಲ್ಲರ ಮನೆಯಲ್ಲೂ ಹುಟ್ಟುಹಬ್ಬದ ಕ್ಯಾಲೆಂಡರು ಅಲ್ಲೇ ಇರುತ್ತದಂತೆ. ದಿನಕ್ಕೊಮ್ಮೆಯಾದರೂ ಎಲ್ಲರೂ ಅಲ್ಲಿಗೆ ಹೋಗಲೇಬೇಕು, ಹಾಗಾಗಿ ಯಾರ ಹುಟ್ಟಿದ ದಿನವೂ ಮರೆಯುವುದಿಲ್ಲ. ಸತ್ತವರ ಹೆಸರನ್ನು ಆಕೆ ಅಳಿಸಿಲ್ಲ. ಆಕೆಯ ಗಂಡನ ಹೆಸರೂ ಇತ್ತು, ಅವನು ಹೋಗಿ ವರ್ಷಗಳಾಗಿವೆ.

“ನಿಮ್ಮಲ್ಲಿ ಎಲ್ಲಿ ಹಾಕುತ್ತಾರೆ?” ಎಂದು ಕೇಳಿದಳು.

ನಮ್ಮಲ್ಲಿ ಹೀಗೆ ಎಲ್ಲರ ಹುಟ್ಟಿದ ದಿನ ಬರೆದು ಹಾಕುವ ರೂಢಿಯೇ ಇಲ್ಲ. ಅವ್ವನಿಗೆ ನಮ್ಮೆಲ್ಲರದು ಬಾಯಿಪಾಠ. ಅದನ್ನು ಹೇಳಿದೆ. ನಾನು ಅಲ್ಲಿರುವವರೆಗೆ ಕ್ಯಾಲೆಂಡರು ಅಡುಗೆಮನೆಯಲ್ಲೇ ಇತ್ತು.

ಗೋರಿ

ಸ್ಮಶಾನ ಊರ ನಡುವೆಯೇ ಇದೆ, ಉದ್ಯಾನದ ಹಾಗೆ. ಸೈಕಲ್ಲಿನ ಮೇಲೆ ಜನ ಅದರ ಬದಿಯಿಂದಲೇ ಸಂತೆಗೆ ಹೋಗುತ್ತಾರೆ. ಶೈಲಾಳ ಗುರುತಿಗೆ ಇನ್ನೂ ಕಲ್ಲು ಬಂದಿರಲಿಲ್ಲ, ಕಟ್ಟಿಗೆಯ ಹಲಗೆ ಇತ್ತು.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ಅಂದು ಬಸೂ ಫೋನಿನಲ್ಲಿ ಬೇಡಿಕೊಂಡಿದ್ದ, ಸುಡಬೇಡಿ, ಕುಳ್ಳಿರಿಸಿ ಎಂದು. ಸುಡಲಿಲ್ಲ. ಕುಳ್ಳಿರಿಸಲು ಅಲ್ಲಿಯ ನಿಯಮದಲ್ಲಿ ಬರಲಿಲ್ಲ. ಮಾರಿಕೆ ಶೈಲಾಳ ಮೇಜಿನ ಖಾನೆಯಲ್ಲಿದ್ದ ಲಿಂಗವನ್ನು ಹುಡುಕಿ ತಂದಿದ್ದಳು. “ಎಡಗೈ, ಎಡಗೈ,” ಎಂದು ಬಸೂ ಇತ್ತ ಕೂಗುತ್ತಿದ್ದ, ಅತ್ತ ಆ ಪರಕೀಯ ಹೆಂಗಸು ಮಲಗಿದ್ದ ನನ್ನ ತಂಗಿಯ ಎಡ ಅಂಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದ್ದಳು. ಅದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಈಗ ಆ ಕೈಗಳು ನನ್ನ ಪಕ್ಕದಲ್ಲಿ ಕೊಡೆ ಹಿಡಿದಿದ್ದವು.

ನಾನು ತಂದಿದ್ದ ವಿಭೂತಿಯನ್ನು ವಿಮಾನ ನಿಲ್ದಾಣದಲ್ಲಿ ಯಾರೂ ಕಿತ್ತುಕೊಂಡಿರಲಿಲ್ಲ. ಹಲಗೆಗೆ ಹಚ್ಚಿದೆ. ಮಳೆಗೆ ಅದು ಆಗಲೇ ಇಳಿಯತೊಡಗಿತು. ಇಲ್ಲಿ ಗೋರಿಯ ಜಾಗ ಕೆಲವು ವರ್ಷದ ಮಟ್ಟಿಗೆ ಮಾತ್ರ, ಆಮೇಲೆ ಬೇರೆಯವರಿಗೆ ಹೋಗುತ್ತದೆ ಎಂದು ಮಾರಿಕೆ ಹೇಳಿದಳು. ಮುಚ್ಚಿಡಬಾರದೆಂದು ಹೇಳಿದಳು, ಅಷ್ಟೇ. ನಾನು ಅದನ್ನು ಊರಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಇದನ್ನು ಓದಿದವರು ಅವ್ವನ ಮುಂದೆ ತೆಗೆಯಬೇಡಿರಿ.

ಪ್ರಯೋಗಾಲಯ

ಬಾಗಿಲು ತೆರೆದ ಕೂಡಲೇ ಖಾನಾಪುರ ರಸ್ತೆಯ ಬೇಕರಿಯ ಮುಂದೆ ಮುಂಜಾನೆ ಹೊಡೆಯುವ ವಾಸನೆ. ಉಬ್ಬಿದ ಹಿಟ್ಟಿನದು. ಬಿಳಿ ಕೋಟಿನವರು, ಗಾಜಿನ ಕೊಳವೆಗಳು, ಎಲ್ಲ ನಾನು ಅಂದುಕೊಂಡಂತೆಯೇ ಇತ್ತು. ಈ ವಾಸನೆಯೊಂದನ್ನು ಅಂದುಕೊಂಡಿರಲಿಲ್ಲ.

ಮಾರಿಕೆ ದಪ್ಪ ಕೈಗವಸು ಹಾಕಿ ಫ್ರೀಜರಿನಿಂದ ಬೆರಳುದ್ದದ ಕೊಳವೆಗಳನ್ನು ತೆಗೆದಳು. ಅವುಗಳ ಮೇಲೆ ಶೈಲಾಳ ಅಕ್ಷರ. ಒಳಗೆ ಹೆಪ್ಪುಗಟ್ಟಿದ ಈಸ್ಟು. ಸತ್ತಿಲ್ಲವೇ ಎಂದೆ. “ಇಲ್ಲ. ಮಲಗಿದೆ. ಬೆಚ್ಚಗೆ ಮಾಡಿ ಊಟ ಕೊಟ್ಟರೆ ಏಳುತ್ತದೆ.” ಆಮೇಲೆ ಏನೋ ನೆನಪಾಗಿ, “ಅಕ್ಕಾರ, ‘ಊಠ ಗ ಬಾಯಿ, ಊಠ’ ಎಂದರೆ ಏನು? ಈಸ್ಟು ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ಹಾಕುವ ಮುನ್ನ ಶೈಲಾ ದಿನಾ ಹೇಳುತ್ತಿದ್ದಳು. ಕನ್ನಡವೇ ಎಂದು ಕೇಳಿದರೆ ಅಲ್ಲ ಎನ್ನುತ್ತಿದ್ದಳು.”

ಅದು ಮರಾಠಿ. ನಮ್ಮ ಬಾಜೂ ಮನೆಯ ಕಮಲಾಬಾಯಿ ತನ್ನ ಮಗಳನ್ನು ಮುಂಜಾನೆ ಎಬ್ಬಿಸುತ್ತಿದ್ದ ಮಾತು. ಏಳು ತಾಯಿ, ಏಳು. ಅದನ್ನು ಕೇಳಿ ನಾವೂ ಏಳುತ್ತಿದ್ದೆವು.

ಕೊಳವೆಯ ಈಸ್ಟು ಎದ್ದು ಬೆಳೆಯಲು ಸಮಯ ಬೇಕು. ಆ ಹೊತ್ತಿನಲ್ಲಿ, ಕಾಫಿಯ ಮೇಜಿನ ಮುಂದೆ, ಮಾರಿಕೆ ನಮಗೆ ಗೊತ್ತಿಲ್ಲದ್ದನ್ನು ಹೇಳಿದಳು.

ಮೊದಲ ಸಲ ಈಸ್ಟು ಬದುಕಿದಾಗ ಎಲ್ಲರಿಗೂ ಹಿಗ್ಗು. ಪ್ರೊಫೆಸರು ಪ್ರಬಂಧ ಬರೆಯಲು ಹೇಳಿದರು. ಶೈಲಾ ಬರೆಯತೊಡಗಿದಳು, ನಿಲ್ಲಿಸಿದಳು. ಬದುಕಿದ ಈಸ್ಟನ್ನು ಮತ್ತೆ ಪರೀಕ್ಷಿಸಿದಾಗ ಅವಳಿಗೆ ಕಂಡದ್ದೇನೆಂದರೆ, ಅವುಗಳ ಪೈಕಿ ಕೆಲವುಗಳಲ್ಲಿ ಕೊಲ್ಲುವ ಪ್ರೋಟೀನು ತಯಾರಾಗುವುದೇ ನಿಂತುಹೋಗಿತ್ತು.

“ಅವಳು ನನಗೆ ಇಲ್ಲೇ ಕುಳಿತು ಹೇಳಿದಳು,” ಎಂದಳು ಮಾರಿಕೆ. “‘ಕೊಲ್ಲುವವನೇ ಮನೆ ಬಿಟ್ಟು ಹೋಗಿದ್ದರೆ, ಬದುಕಿದ್ದಕ್ಕೆ ಕಾವಲುಗಾರನನ್ನು ಯಾಕೆ ಹೊಗಳಬೇಕು ಮಾರಿಕೆ?’ ಎಂದು.”

“ಮತ್ತೆ ನಮಗೆ ಯಾಕೆ ಹೇಳಲಿಲ್ಲ?”

“ಗಟ್ಟಿಯಾದ ಮೇಲೆ ಹೇಳುತ್ತೇನೆ ಎನ್ನುತ್ತಿದ್ದಳು.”

ಅದಕ್ಕೇ ಅವಳು ಎಲ್ಲವನ್ನೂ ಮೊದಲಿನಿಂದ ಕಟ್ಟಿದ್ದಳು. ಕೊಲ್ಲುವ ಪ್ರೋಟೀನು ಸುಲಭಕ್ಕೆ ತಪ್ಪಿಸಿಕೊಳ್ಳದಂತೆ ಈಸ್ಟಿನ ಸ್ವಂತ ವರ್ಣತಂತುವಿಗೇ ಅದನ್ನು ಹೊಲಿದು ಹೊಸ ಈಸ್ಟು ತಯಾರಿಸಿದ್ದಳು. ವರ್ಷಗಟ್ಟಲೆ ಹಿಡಿದ ಆ ಕೆಲಸ ಮುಗಿಸಿ, ಫ್ರೀಜರಿಗಿಟ್ಟು, ಚಳಿಗಾಲದ ರಜೆ ಮುಗಿದ ಮೇಲೆ ತಟ್ಟೆ ಹಾಕಿ ಬೆಳೆಸಿ ನೋಡೋಣ ಎಂದಿದ್ದಳು. ಅದೇ ಕೊಳವೆಗಳು ಇವು. ಅವಳ ಈ ಎರಡನೆಯ ಅನುಮಾನ ತಪ್ಪಾಗಿದ್ದರೆ ಅವಳ ಮೊದಲ ಮಾತೇ ನಿಲ್ಲುತ್ತದೆ, ಪ್ರಬಂಧ ಅವಳ ಹೆಸರಿನಲ್ಲಿ ಹೊರಗೆ ಹೋಗುತ್ತದೆ. ಅನುಮಾನ ಸರಿಯಾಗಿದ್ದರೆ ಹೊರಗೆ ಹೋಗುವುದು ಏನೂ ಇಲ್ಲ.

ಈಸ್ಟು ಎದ್ದ ಮೇಲೆ ಮಾರಿಕೆ ತಟ್ಟೆ ಹಾಕಿದ್ದನ್ನು ನಾನು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ನೋಡಿದೆ. ಪಾರದರ್ಶಕ ತಟ್ಟೆಯಲ್ಲಿ ಗಟ್ಟಿ ಗಂಜಿಯಂಥ ಆಹಾರ. ಅದರ ಮೇಲೆ ಸಾಲಾಗಿ ಈಸ್ಟಿನ ಹನಿ. ಮೊದಲ ಹನಿ ದಟ್ಟ, ಮುಂದಿನದು ನೀರು ಬೆರೆಸಿ ತೆಳು, ಅದರ ಮುಂದಿನದು ಇನ್ನೂ ತೆಳು. ರಂಗೋಲಿ ಪುಡಿ ಮುಗಿಯುತ್ತ ಬಂದಾಗ ಚುಕ್ಕೆಗಳು ಸಣ್ಣದಾಗುತ್ತವಲ್ಲ, ಹಾಗೆ. ಮಾಮೂಲಿ ಗ್ಲೂಕೋಸು ಹಾಕಿದ ತಟ್ಟೆಯಲ್ಲಿ ಕೊಲ್ಲುವ ಪ್ರೋಟೀನು ಮಲಗಿರುತ್ತದೆ, ಗ್ಯಾಲಕ್ಟೋಸ್ ಎಂಬ ಬೇರೆ ಸಕ್ಕರೆ ಹಾಕಿದ್ದರಲ್ಲಿ ಏಳುತ್ತದೆ. ಒಂದೊಂದು ತಟ್ಟೆಗೂ ನಾಲ್ಕು ಸಾಲು. ಅದರಲ್ಲೊಂದು ವೈರಸ್ಸಿನ ಪ್ರೋಟೀನಿನದು, ಶೈಲಾಳ ಸಾಲು. ಹಾಕಿ ಮುಗಿದಾಗ ಎಲ್ಲ ಸಾಲೂ ಒಂದೇ ತರಹ ಕಂಡವು.

ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ಹಾಕುವ ಮೊದಲು ಮಾರಿಕೆ ನನ್ನ ಕಡೆ ನೋಡಿದಳು. ಆಕೆ ಏತಕ್ಕೆ ಕಾಯುತ್ತಿದ್ದಾಳೆಂದು ತಿಳಿಯಿತು. ನಾನು ಸ್ಟೂಲನ್ನು ಬದಿಗೆ ಸರಿಸಿದೆ. ಕೊನೆಗೆ ಆಕೆಯೇ, ಒತ್ತಬಾರದ ಕಡೆ ಒತ್ತಿ, “ಊಠ ಗ ಬಾಯಿ,” ಎಂದಳು.

ಕಾಯುವುದು

ಆ ಊರಿನ ಮಳೆ ಬೆಳಗಾವಿಯ ಮಳೆಯಂತಲ್ಲ. ನಮ್ಮದು ಬಂದರೆ ಬಂತು, ಅಂಗಡಿಯ ಮುಂದೆ ನಿಂತು ಮಾತಾಡಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಬಹುದು. ಅಲ್ಲಿ ಯಾರೂ ನಿಲ್ಲುವುದಿಲ್ಲ. ಮುದುಕಿಯರು ಸಹ ಅದರಲ್ಲೇ ಸೈಕಲ್ಲು ತುಳಿಯುತ್ತಾರೆ. ಶೈಲಾ ನಿಂತಿದ್ದ ಬಸ್ ನಿಲ್ದಾಣಕ್ಕೂ ಹೋಗಿ ಕುಳಿತೆ. ಗಾಜಿನ ಗೋಡೆ, ಕಬ್ಬಿಣದ ಬೆಂಚು. ಒಬ್ಬ ಮುದುಕ ಬಂದು ತಲೆ ಬಾಗಿಸಿ ನಮಸ್ಕರಿಸಿ ಬದಿಗೆ ನಿಂತ. ಅಂದು ಅವನೇನಾದರೂ ಇದ್ದನೋ ಎಂದು ಕೇಳಬೇಕೆನಿಸಿತು. ಅವನ ಬಸ್ಸು ಬಂತು.

ಬಸೂಗೆ ಫೋನು ಹಚ್ಚಿದೆ. ಅನುಮಾನದ ವಿಷಯ ಹೇಳಿದೆ.

“ಅಕ್ಕಾ, ಅದು ಸತ್ರೂ ಬದುಕಿದ್ರೂ ಅವ್ವಗ ಆತು ಅಂತ ಹೇಳಿಬಿಡು,” ಎಂದ. “ಅಕಿಗೆ ಏನ್ ತಿಳೀತದ? ಅಷ್ಟರೆ ಸಮಾಧಾನ ಇರ್ಲಿ.”

“ನೋಡೂಣು ತಡಿ. ಇನ್ನೂ ಬೆಳೀಬೇಕು.”

“ನೋಡೂದೇನೈತಿ ಅದರಾಗ? ನೀ ಕಚೇರ್ಯಾಗ ದಿನಾ ಬರಿಯೂದಿಲ್ಲೇನು, ‘ಪರಿಶೀಲನೆಯಲ್ಲಿದೆ’ ಅಂತ. 
ಹಂಗ ಬಾಯಿಲೆ ಒಂದು ಸುಳ್ಳು.”

ತಮಾಷೆಗೆ ಹೇಳಿದ, ಆದರೆ ದನಿ ಸರಿ ಇರಲಿಲ್ಲ. ನಾನೂ ಆಗಬಹುದು ಎಂದೇ ಮನಸ್ಸಿನಲ್ಲಿ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಬದುಕಿಬಿಡಲಿ ಎಂದು ಅಂದುಕೊಂಡೆ. ಕಣ್ಣಿಗೆ ಕಾಣದ ಒಂದು ಜೀವಕ್ಕಾಗಿ ಹಿಂದೆಂದೂ ಅಷ್ಟು ಬೇಡಿಕೊಂಡದ್ದು ನನಗೆ ನೆನಪಿಲ್ಲ.

ತಟ್ಟೆ

ಮಾರಿಕೆ ತಟ್ಟೆಗಳನ್ನು ತಂದು ಕಪ್ಪು ಕಾಗದದ ಮೇಲೆ ಇಟ್ಟಳು. ಗ್ಲೂಕೋಸಿನ ತಟ್ಟೆಯಲ್ಲಿ ನಾಲ್ಕೂ ಸಾಲು ತುಂಬಿ ಬೆಳೆದಿದ್ದವು, ಬೆಣ್ಣೆಯ ಚುಕ್ಕೆಗಳ ಹಾಗೆ. ಅದು ಲೆಕ್ಕಕ್ಕಿಲ್ಲ, ಅಲ್ಲಿ ಕೊಲ್ಲುವ ಪ್ರೋಟೀನು ಮಲಗಿತ್ತು. ಗ್ಯಾಲಕ್ಟೋಸಿನದನ್ನು ನೋಡಿದೆ. ಮೊದಲ ಸಾಲು ಬೆಳೆದಿತ್ತು, ಅದರಲ್ಲಿ ಕೊಲ್ಲುವ ಪ್ರೋಟೀನು ಇಟ್ಟೇ ಇರಲಿಲ್ಲ. ಎರಡನೆಯದು ಖಾಲಿ, ಅದರಲ್ಲಿ ಕೊಲ್ಲುವುದೊಂದೇ. ಮೂರನೆಯ ಸಾಲು ಕೊನೆಯ ಚುಕ್ಕೆಯವರೆಗೂ ಬೆಳೆದು ನಿಂತಿತ್ತು.

“ಬದುಕ್ಯಾವು,” ಎಂದೆ. ಕನ್ನಡದಲ್ಲೇ ಎಂದೆ. ಮಾರಿಕೆಯ ಕೈ ಹಿಡಿದುಕೊಂಡೆ.

ಆಕೆ ನನ್ನ ಕೈ ಬಿಡಿಸಲಿಲ್ಲ. ಇನ್ನೊಂದು ಕೈಯ ಬೆರಳಿನಿಂದ ತಟ್ಟೆಯ ಅಂಚಿನ ಗುರುತು ತೋರಿಸಿದಳು. ಮೂರನೆಯದು ಶೈಲಾಳ ಸಾಲಲ್ಲ. ಅದು ಈಸ್ಟನ್ನು ಕಾಪಾಡುತ್ತದೆಂದು ಎಂದೋ ಗೊತ್ತಿರುವ ಬೇರೊಂದು ಪ್ರೋಟೀನು. ಪರೀಕ್ಷೆ ನೆಟ್ಟಗಿದೆಯೇ ಎಂದು ತಿಳಿಯಲು ಹಾಕಿದ್ದು. ಶೈಲಾಳದು ನಾಲ್ಕನೆಯದು. ಅಲ್ಲಿ ಮೊದಲ ದಟ್ಟ ಹನಿ ಬಿದ್ದ ಜಾಗದಲ್ಲಿ ಒಣಗಿದ ಉಗುಳಿನ ಕಲೆಯಂಥ ಒಂದು ಗುರುತು. ಅದರ ಮುಂದೆ ಬರಿ ಕಪ್ಪು ಕಾಗದ ಕಾಣುತ್ತಿತ್ತು.

ಬೇರೆ ಬೇರೆ ಕೊಳವೆಗಳಿಂದ ಹಾಕಿದ ಉಳಿದ ತಟ್ಟೆಗಳನ್ನೂ ತೆರೆದಳು. ಎಲ್ಲದರಲ್ಲೂ ಹಾಗೇ. ವೈರಸ್ಸಿನ ಪ್ರೋಟೀನು ಅಲ್ಲಿ ತಯಾರಾಗುತ್ತಿದೆಯೇ ಎಂದು ಆಕೆ ಮೊದಲೇ ನೋಡಿಟ್ಟಿದ್ದಳು, ಆಗುತ್ತಿತ್ತು. ಅದು ಇತ್ತು, ಆದರೂ ಈಸ್ಟು ಸತ್ತಿತು.

ಪ್ರೊಫೆಸರು ಬಂದು ಕನ್ನಡಕ ಹಣೆಗೇರಿಸಿ ತಟ್ಟೆಯನ್ನು ಬೆಳಕಿಗೆ ಹಿಡಿದರು. “ಅವಳ ಎರಡನೆಯ ಅನುಮಾನ ಸರಿಯಾಗಿತ್ತು,” ಎಂದರು. ತಟ್ಟೆಯನ್ನು ಕೆಳಗಿಟ್ಟು, “ನನ್ನ ಮಾತು ಕೇಳಿ ಆಗಲೇ ಪ್ರಕಟಿಸಿದ್ದರೆ ನಾವು ತಪ್ಪು ಹೇಳಿದಂತಾಗುತ್ತಿತ್ತು,” ಎಂದರು. ಅವರ ಅರ್ಧ ಕಪಾಟು ಆಗಲೇ ರಟ್ಟಿನ ಪೆಟ್ಟಿಗೆಗಳಿಗೆ ಇಳಿದಿತ್ತು. ಇನ್ನು ಅದನ್ನು ಮುಂದುವರಿಸುವವರು ಯಾರೂ ಇರಲಿಲ್ಲ.

ಫೋನು

ಅವ್ವನಿಗೆ ಸುಳ್ಳು ಹೇಳಲು ಫೋನು ಎತ್ತಿಕೊಂಡೆ ಎನ್ನುವುದು ಖರೆ. ಆದರೆ ಆತು ಎಂದುಬಿಟ್ಟರೆ, ಅದು ಆಗಿಲ್ಲವೇನೋ ಎಂದು ಶೈಲಾ ಒಬ್ಬಳೇ ಕುಳಿತು ಕಟ್ಟಿದ್ದನ್ನೆಲ್ಲ ನಾನು ಕೆಡವಿದಂತೆ. ಅವ್ವ ಹಲೋ ಎಂದಳು.

“ಯವ್ವಾ, ಬರಲಿಲ್ಲ.”

“ಏನು ಬರಲಿಲ್ಲ?”

“ಅಕಿ ಮೊದಲ ಹೇಳಿದ್ದು ತಪ್ಪಿತ್ತು. ಆ ಪ್ರೋಟೀನ್ ಉಳಸೂದಿಲ್ಲ. ಈಸ್ಟ್ ಸತ್ತಾವು.”

ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

“ತಪ್ಪು ಅಂತ ಯಾರಂದ್ರು? ಆ ಸಾಹೇಬ್ರು ಅಂದ್ರೇನು?”

“ಅಲ್ಲವಾ. ಶೈಲಾನ ಅಂದಿದ್ಲು. ಆಗಿಲ್ಲೇನೋ ಅಂತ ಮೊದಲ ಅನುಮಾನ ಬಂದದ್ದ ಅಕಿಗೆ. ಆಮ್ಯಾಲಿನ ವರ್ಷೆಲ್ಲಾ ಅದನ್ನ ನೋಡಾಕ ಕುಂತಿದ್ಲು.”

“ನಾ ಓಣಿ ತುಂಬ ಪೇಢೆ ಹಂಚಿದ್ನೆಲ್ಲ ಗಿರಿಜಾ,” ಎಂದಳು ಅವ್ವ.

ಶೈಲಾ ‘ಬದುಕ್ಯಾವು’ ಎಂದ ವಾರ ಅವ್ವ ಮನೆ ಮನೆಗೆ ಪೇಢೆ ಕೊಟ್ಟು ಬಂದಿದ್ದಳಂತೆ. ನನಗೆ ಗೊತ್ತಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಫೋನು ಇಟ್ಟಳು.

ಮರುದಿನ ತಟ್ಟೆಗಳನ್ನು ಎಸೆಯಬೇಕಿತ್ತು. ಹಾಗೇ ಕಸಕ್ಕೆ ಹಾಕುವುದಿಲ್ಲ. ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ ಹಬೆಗೆ ಬೇಯಿಸಿ ಕೊಂದು ಎಸೆಯುತ್ತಾರೆ. ಬೆಳೆದ ಸಾಲುಗಳನ್ನೂ ಕೊಲ್ಲಬೇಕೇ ಎಂದೆ. “ಬೇಕು. ಇಲ್ಲಿಂದ ಜೀವಂತ ಯಾವುದೂ ಹೊರಗೆ ಹೋಗಬಾರದು,” ಎಂದಳು ಮಾರಿಕೆ. ಆಕೆ ಕೈಗವಸು ಕೊಟ್ಟಳು. ತಟ್ಟೆಗಳನ್ನು ಒಂದೊಂದಾಗಿ ನಾನೇ ಒಳಗಿಟ್ಟೆ. ಮುಚ್ಚಳ ಭಾರವಿತ್ತು, ಇಬ್ಬರೂ ಸೇರಿ ಹಾಕಿದೆವು.

ಖಾನಾಪುರ

ಬೆಳಗಾವಿಗೆ ಬಂದ ಮರುದಿನ ಖಾನಾಪುರದ ಬಸ್ಸು ಹಿಡಿದೆ. ಮನೆಗೆ ಕೀಲಿ. ಬಾಜೂ ಮನೆಯಿಂದ ಕಮಲಾಬಾಯಿ ಹೊರಗೆ ಬಂದಳು. ಎಪ್ಪತ್ತು ದಾಟಿದ ಜೀವ, ಮರಾಠಿ ಬೆರೆತ ಕನ್ನಡ.

“ಬಾ ಬಾಯಿ, ಕುಂದರು. ನಿಮ್ಮವ್ವ ಊರು ತಿರಗಾಕ ಹತ್ಯಾಳ. ಮೊನ್ನಿ ನನ್ನ ಕಡೆ ಬಂದಿದ್ಲು. ‘ಮಗಳ ಕೆಲಸ ಆತು ಅಂತ ಪೇಢೆ ಕೊಟ್ಟಿದ್ನೆಲ್ಲ ಕಮಲಾ, ಅದು ಆಗಿಲ್ಲಂತ. ಆಗಿಲ್ಲ ಅಂತ ಅಕೀನ ಹುಡುಕ್ಯಾಳ. ನೀವು ಪೇಢೆ ತಿಂದೀರಿ, ಅದಕ್ಕ ಹೇಳಾಕ ಬಂದೆ’ ಅಂದ್ಲು. ಚಾ ಮಾಡ್ತೀನಿ ಅಂದೆ. ಇನ್ನೂ ಮನಿ ಅದಾವು ಅಂತ ಹೋದ್ಲು.” ಕಮಲಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಆ ಪೇಢೆ ಯಾರಿಗೆ ನೆನಪೈತಿ ಹೇಳು? ನನಗಂತೂ ಇರಲಿಲ್ಲ.”

ಅವ್ವ ಬಂದಳು. ಬಿಸಿಲಿಗೆ ಮುಖ ಬಾಡಿತ್ತು. ನನ್ನ ಕೆನ್ನೆ ಸವರಿದಳು, ಗೋರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ.

“ಎಲ್ಲಾರಿಗೂ ಹೇಳಿ ಮುಗೀತು. ಪರಸಪ್ಪನ ಮನಿ ಒಂದು ಉಳದೈತಿ,” ಎಂದಳು. ಪರಸಪ್ಪ ನಮ್ಮ ಹೊಲದಿಂದ ಬಳ್ಳಿ ಒಯ್ಯುತ್ತಿದ್ದವನು. “ಅಂವಾ ಸುಮ್ನ ಬಿಡೂ ಪೈಕಿ ಅಲ್ಲ. ಹೆಂಗ ತಪ್ಪಾತು, ಹೆಂಗ ಗೊತ್ತಾತು ಅಂತ ಕೇಳ್ತಾನ. ನನಗ ಹೇಳಾಕ ಬರೂದಿಲ್ಲ. ನೀ ಬಾ.”

“ಈಗಷ್ಟ ಬಂದೀನವಾ. ಕೈಕಾಲು ತೊಳಕೋತೀನಿ.”

“ತೊಳಕೊ. ನಾ ನಿಂದರ್ತೀನಿ.”

ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ದಳು. ದಾರಿಯಲ್ಲಿ ಹೋಗುವಾಗ, “ಒಂದ್ಸಲ ನನಗ ಹೇಳು, ಹೆಂಗ ಹೇಳ್ತಿ ನೋಡೂಣು,” ಎಂದಳು. ನಾನು ತಟ್ಟೆಯಿಂದ ಶುರುಮಾಡಿದೆ. ಕಪ್ಪು ಕಾಗದ, ಬಿಳಿ ಚುಕ್ಕೆ, ನಾಲ್ಕನೆಯ ಸಾಲಿನಲ್ಲಿ ಈಸ್ಟು ಹೇಗೆ ಸತ್ತಿತ್ತು ಎಂಬುದು.

ಅವ್ವ ನಿಂತಳು.

“ಹಂಗಲ್ಲ,” ಎಂದಳು. “ಮೊದಲ ಶೈಲಾನ ಹೆಸರು ಹೇಳು. ಅದು ಸತ್ತದ್ದು ಆಮ್ಯಾಲೆ.”